ಭೀಮಾ ಕೋರೆಗಾಂವ್ ವಿಜಯೋತ್ಸವ: ಕೋವಿಡ್ ಕಾಲದಲ್ಲಿ ಅಥಣಿ–ಚಿಕ್ಕೋಡಿ ಗಡಿಸೀಮೆಯ ಕೇರಿಗಳು

ಭೀಮಾ ಕೋರೆಗಾಂವ್ ವಿಜಯೋತ್ಸವ ಪ್ರತಿ ವರ್ಷ ಜನವರಿ 1ರಂದು ನಡೆಯುವ ಯುದ್ಧಸ್ಮರಣೆ. 1818ರ ಅದೇ ದಿನ ಪುಣೆಗೆ ಸುಮಾರು 30 ಕಿ.ಮೀ. ದೂರದಲ್ಲಿ, ಭೀಮಾ ನದಿಯ ದಂಡೆಯ ಕೋರೆಗಾಂವ್ ಎಂಬ ಹಳ್ಳಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಣ್ಣ ಪಡೆಯೊಂದು ಎರಡನೆಯ ಬಾಜೀರಾವ್ ಪೇಶ್ವೆಯ ದೊಡ್ಡ ಸೈನ್ಯವನ್ನು ರಾತ್ರಿಯವರೆಗೆ ತಡೆದು ನಿಂತಿತು. ಆ ಪಡೆಯಲ್ಲಿ ಮಹಾರ ಎಂಬ ದಲಿತ ಜಾತಿಯ ಸಿಪಾಯಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಹೀಗಾಗಿ ಈ ದಿನ ಕಾಲಕ್ರಮದಲ್ಲಿ ದಲಿತರ ಸ್ವಾಭಿಮಾನದ ದಿನವಾಯಿತು. ‘ಶೌರ್ಯ ದಿನ’ ಎಂಬ ಹೆಸರೂ ಇದಕ್ಕಿದೆ. ಮಹಾರಾಷ್ಟ್ರದಲ್ಲಿ ಹುಟ್ಟಿದ ಈ ಆಚರಣೆ ಕರ್ನಾಟಕದಲ್ಲಿ ಬೇರುಬಿಟ್ಟ ಸೀಮೆಗಳಲ್ಲಿ ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ತಾಲ್ಲೂಕುಗಳು ಮುಖ್ಯವಾದವು. ಕೋವಿಡ್ ನಿರ್ಬಂಧಗಳ ನಡುವೆ ಬಂದ 2021 ಮತ್ತು 2022ರ ಜನವರಿ 1 ಈ ಹಬ್ಬದ ನಡೆಯನ್ನೇ ತಿರುಗಿಸಿದವು. ಕೋರೆಗಾಂವ್‌ನ ಸ್ಮಾರಕ ಸ್ತಂಭದ ಕಡೆಗೆ ಹೊರಡುತ್ತಿದ್ದ ಜನ ಕೇರಿಯಲ್ಲೇ ಉಳಿದು ಹಬ್ಬ ಮಾಡಬೇಕಾಯಿತು.

ಕಾಳಗದ ಸಂಗತಿ ಹೀಗಿದೆ. 1817ರ ಡಿಸೆಂಬರ್ ಕೊನೆಯಲ್ಲಿ ಪೇಶ್ವೆಯ ಸೈನ್ಯ ಪುಣೆಯ ಸಮೀಪ ಬಂದಿದೆ ಎಂಬ ಸುದ್ದಿ ಹಬ್ಬಿತು. ನಗರದಲ್ಲಿದ್ದ ಕಂಪನಿಯ ಅಧಿಕಾರಿ ಶಿರೂರಿನ ಠಾಣ್ಯಕ್ಕೆ ನೆರವು ಕೇಳಿ ಕಳುಹಿಸಿದ. ಕ್ಯಾಪ್ಟನ್ ಫ್ರಾನ್ಸಿಸ್ ಸ್ಟಾಂಟನ್ ಡಿಸೆಂಬರ್ 31ರ ರಾತ್ರಿ 8 ಗಂಟೆಗೆ ಶಿರೂರಿನಿಂದ ಹೊರಟ. ಬಾಂಬೆ ನೇಟಿವ್ ಇನ್‌ಫೆಂಟ್ರಿಯ ಮೊದಲ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ನಿನ ಸುಮಾರು 500 ಕಾಲಾಳುಗಳು, ಮುನ್ನೂರಕ್ಕೆ ಮೀರದ ಕುದುರೆ ಸವಾರರು, ಎರಡು ತೋಪು, ಅವುಗಳ ಜೊತೆ ಮದ್ರಾಸ್ ಫಿರಂಗಿದಳದ ಬೆರಳೆಣಿಕೆಯ ಗೋಲಂದಾಜರು ಅವನ ಬಲ. ರಾತ್ರಿಯೆಲ್ಲ 40 ಕಿ.ಮೀ. ನಡೆದ ಪಡೆ ಬೆಳಿಗ್ಗೆ ಕೋರೆಗಾಂವ್ ತಲುಪಿದಾಗ ನದಿಯ ಆಚೆ ಪೇಶ್ವೆಯ ಸೈನ್ಯ ಕಾಣಿಸಿತು. ಅದರ ಸಂಖ್ಯೆ 20,000ಕ್ಕೂ ಮೇಲಿತ್ತು ಎಂಬುದು ಸಾಮಾನ್ಯ ಅಂದಾಜು. ಆದರೆ ಅಷ್ಟೂ ಜನ ಕಾದಲಿಲ್ಲ. ಅರಬರು, ಗೋಸಾವಿಗಳು ಮತ್ತು ಪೇಶ್ವೆಯ ಕಾಲಾಳುಗಳಿದ್ದ ಮೂರು ತುಕಡಿಗಳು ಹಳ್ಳಿಯ ಮೇಲೆ ಬಿದ್ದವು. ಮಧ್ಯಾಹ್ನದಿಂದ ರಾತ್ರಿಯವರೆಗೆ ಮಣ್ಣಿನ ಗೋಡೆಗಳ ನಡುವೆ, ಓಣಿ ಓಣಿಗಳಲ್ಲಿ ಕೈಗೆ ಕೈ ಹತ್ತಿದ ಕಾಳಗ ನಡೆಯಿತು. ಸಿಪಾಯಿಗಳಿಗೆ ಅನ್ನವಿರಲಿಲ್ಲ. ನದಿ ಕಣ್ಣೆದುರಿಗಿದ್ದರೂ ಸಂಜೆಯವರೆಗೆ ನೀರು ಮುಟ್ಟಲಾಗಲಿಲ್ಲ. ಇನ್ನೊಂದು ದೊಡ್ಡ ಬ್ರಿಟಿಷ್ ಪಡೆ ಬರುತ್ತಿದೆಯೆಂಬ ಅಂಜಿಕೆಯಿಂದ ಪೇಶ್ವೆ ಹಿಂದೆ ಸರಿದ. ಕಂಪನಿಯ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 275 ಮಂದಿ. ಪೇಶ್ವೆಯ ಕಡೆಯ ನಷ್ಟ 500ರಿಂದ 600.

ಈ ಯುದ್ಧದ ಬಿಸಿ ಕನ್ನಡ ನೆಲಕ್ಕೂ ತಟ್ಟಿತು. ನಿಪ್ಪಾಣಿಯ ಅಪ್ಪಾ ದೇಸಾಯಿ ಪೇಶ್ವೆಯ ಸರದಾರರಲ್ಲಿ ಒಬ್ಬನಾಗಿದ್ದ. 1818ರ ಏಪ್ರಿಲಿನಲ್ಲಿ ಥಾಮಸ್ ಮನ್ರೊ ಬೆಳಗಾವಿ ಕೋಟೆಯನ್ನು ವಶಮಾಡಿಕೊಂಡ. ಜೂನ್ ತಿಂಗಳಲ್ಲಿ ಬಾಜೀರಾವ್ ಶರಣಾದ. ಅಲ್ಲಿಗೆ ಪೇಶ್ವೆಗಳ ಆಳ್ವಿಕೆ ಮುಗಿಯಿತು.

ಕಾಳಗದ ಸ್ಮಾರಕ ಸ್ತಂಭಕ್ಕೆ 1821ರ ಮಾರ್ಚ್ 26ರಂದು ಅಡಿಗಲ್ಲು ಇಡಲಾಯಿತು. ಹಳ್ಳಿಯ ಎದುರು ದಂಡೆಯಲ್ಲಿ, ಪೇರಣೆ ಗ್ರಾಮದ ಹದ್ದಿನಲ್ಲಿ, ಪುಣೆ–ಅಹಮದನಗರ ರಸ್ತೆಯ ಮಗ್ಗುಲಿಗೆ ಅದು ನಿಂತಿದೆ. ಕಂಪನಿ ಅದನ್ನು ಕಟ್ಟಿಸಿದ್ದು ತನ್ನ ಗೆಲುವಿನ ಗುರುತಾಗಿ. ಆದರೆ ಮಡಿದ ಸಿಪಾಯಿಗಳ 49 ಹೆಸರುಗಳನ್ನು ಕಲ್ಲಿನಲ್ಲಿ ಕೊರೆಸಿದ್ದರಿಂದ, ಕಟ್ಟಿಸಿದವರು ಎಣಿಸದಿದ್ದ ಅರ್ಥವೊಂದು ಅದಕ್ಕೆ ಬಂದಿತು. ಆ ಹೆಸರುಗಳಲ್ಲಿ 22 ‘ನಾಕ’ ಎಂದು ಮುಗಿಯುತ್ತವೆ. ಅದು ಆ ಕಾಲದ ಮಹಾರರ ಹೆಸರಿನ ಗುರುತು. ಉಳಿದವು ಮರಾಠರ, ರಜಪೂತರ, ಮುಸ್ಲಿಮರ, ಯಹೂದಿಗಳ ಹೆಸರುಗಳು. ಜನರ ಮಾತಿನಲ್ಲಿ ಈ ಕಾಳಗದ ನಾಯಕ ಸಿದ್ಧನಾಕ. ಮಿರಜ ಸೀಮೆಯ ಕಳಂಬಿ ಅವನ ಊರೆಂಬ ಪ್ರತೀತಿಯಿದೆ. ಕಾಗವಾಡದ ಕಡೆಯವರಿಗೆ ಅದು ನೆರೆಮನೆಯಷ್ಟು ಹತ್ತಿರ.

ಮಹಾರರ ಸೈನ್ಯ ಸೇವೆಯನ್ನು ಬ್ರಿಟಿಷ್ ಸರಕಾರವೇ 1890ರ ದಶಕದಲ್ಲಿ ನಿಲ್ಲಿಸಿತು. ಕೆಲವು ಜಾತಿಗಳು ಮಾತ್ರ ಯುದ್ಧಕ್ಕೆ ಹುಟ್ಟಿದವು ಎಂಬ ಸಿದ್ಧಾಂತ ಆಗ ಸೇನೆಯಲ್ಲಿ ನಡೆಯುತ್ತಿತ್ತು. ಗೋಪಾಳ ಬಾಬಾ ವಲಂಗಕರ, ಆಮೇಲೆ ಶಿವರಾಮ ಜಾನಬಾ ಕಾಂಬಳೆ ಅರ್ಜಿಗಳನ್ನು ಬರೆದು ಭರ್ತಿ ಮತ್ತೆ ತೆರೆಯಬೇಕೆಂದು ಕೇಳಿದರು. ಕೋರೆಗಾಂವ್ ಸ್ತಂಭ ಅವರಿಗೆ ಕಲ್ಲಿನಲ್ಲಿ ಕೊರೆದ ಸಾಕ್ಷಿ. ಕಾಂಬಳೆ ಸ್ತಂಭದ ಬಳಿ ಸಭೆಗಳನ್ನು ನಡೆಸಿದರು. 1927ರ ಜನವರಿ 1ರಂದು ಡಾ. ಬಿ.ಆರ್. ಅಂಬೇಡ್ಕರ್ ಅಲ್ಲಿಗೆ ಬಂದರು. ಕೆರೆಯ ನೀರಿನ ಹಕ್ಕಿಗಾಗಿ ಮಹಾಡದಲ್ಲಿ ಸತ್ಯಾಗ್ರಹ ನಡೆದದ್ದು ಅದೇ ವರ್ಷದ ಮಾರ್ಚ್ 20ರಂದು. ಸುಬೇದಾರರ ಮಗನಾದ ಅಂಬೇಡ್ಕರರಿಗೆ ಸೈನ್ಯದ ಬಾಗಿಲು ಎಂದರೆ ಓದು, ಸಂಬಳ, ತಲೆಯೆತ್ತಿ ನಡೆಯುವ ಬದುಕು ಎಂಬುದು ಮನೆಯಲ್ಲೇ ಕಂಡ ಸತ್ಯ. ಅವರ ಭೇಟಿಯಿಂದಲೇ ಈ ದಿನ ವಾರ್ಷಿಕ ಯಾತ್ರೆಯ ರೂಪ ಪಡೆಯಿತು.

ಬೆಳಗಾವಿ ಸೀಮೆಗೆ ಈ ಕಥೆಯಲ್ಲಿ ತನ್ನದೇ ಪಾಲಿದೆ, ಅದು ಸಣ್ಣದಲ್ಲ. ಅಂಬೇಡ್ಕರ್ 1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ದಲಿತ ವರ್ಗಗಳ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಎಂದರೆ ಕೋರೆಗಾಂವ್‌ಗೆ ಹೋಗುವುದಕ್ಕೂ ಮೊದಲೇ ಅವರು ಈ ಗಡಿಗೆ ಬಂದಿದ್ದರು. 1941ರಲ್ಲಿ ಅವರು ವೈಸರಾಯರ ರಕ್ಷಣಾ ಸಲಹಾ ಸಮಿತಿಯಲ್ಲಿದ್ದು ಮಹಾರರ ಪಡೆ ಕಟ್ಟಬೇಕೆಂದು ಒತ್ತಾಯಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಬೆಳಗಾವಿಯಲ್ಲೇ ರೂಪುಗೊಂಡಿತು. ಅದರ ಮೊದಲಿನ ಲಾಂಛನದಲ್ಲಿ ಕೋರೆಗಾಂವ್ ಸ್ತಂಭವಿತ್ತು. ಆಮೇಲೆ ಅದರ ಜಾಗಕ್ಕೆ ಕಠಾರಿ ಬಂದಿತು. 1957ರ ಲೋಕಸಭಾ ಚುನಾವಣೆಯಲ್ಲಿ ಚಿಕ್ಕೋಡಿ ಕ್ಷೇತ್ರ ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಫೆಡರೇಷನ್ನಿನ ಡಿ.ಎ. ಕಟ್ಟಿ ಅವರನ್ನು ಗೆಲ್ಲಿಸಿತು. ಇಂಥ ನೆಲದಲ್ಲಿ ವಿಜಯೋತ್ಸವವನ್ನು ಮಹಾರಾಷ್ಟ್ರದಿಂದ ಎರವಲು ಬಂದ ಹಬ್ಬವೆಂದು ಕರೆಯುವುದು ಸರಿಯಲ್ಲ.

ಗಡಿಸೀಮೆಯ ಆಚರಣೆಗೆ ಮೊದಲಿನಿಂದಲೂ ಎರಡು ಮುಖ. ಒಂದು, ಸ್ತಂಭಕ್ಕೆ ಪ್ರಯಾಣ. ಅಥಣಿಯಿಂದ ಕಾಗವಾಡ, ಮಿರಜ, ಸಾಂಗಲಿ ದಾಟಿ ಹೋಗುವ ದಾರಿ ಒಂದಾದರೆ, ನಿಪ್ಪಾಣಿಯಿಂದ ಕೊಗನೊಳ್ಳಿ, ಕೊಲ್ಲಾಪುರ, ಸಾತಾರಾ ಹಾದು ಹೋಗುವ ಹೆದ್ದಾರಿ ಇನ್ನೊಂದು. ಕುಡಚಿ, ಉಗಾರ ಖುರ್ದ, ಶೇಡಬಾಳ ನಿಲ್ದಾಣಗಳಿರುವ ರೈಲು ಹಾದಿಯೂ ಮಿರಜಕ್ಕೆ ಮುಟ್ಟಿಸುತ್ತದೆ. ಎರಡನೆಯದು ಕೇರಿಯ ಹಬ್ಬ. ಡಿಸೆಂಬರ್ 31ರ ನಡುರಾತ್ರಿ ಅಥವಾ ಮರುದಿನ ಬೆಳಿಗ್ಗೆ ಅಂಬೇಡ್ಕರ್ ಪುತ್ಥಳಿಯ ಬಳಿ ಇಲ್ಲವೇ ಬುದ್ಧವಿಹಾರದ ಮುಂದೆ ಜನ ಸೇರುತ್ತಾರೆ. ಥರ್ಮೋಕೋಲ್, ತಗಡು, ಕಟ್ಟಿಗೆ, ಕೈಗೆ ಸಿಕ್ಕಿದ್ದರಲ್ಲಿ ಮಾಡಿದ ಸ್ತಂಭದ ಪ್ರತಿಕೃತಿ, ನೀಲಿ ಧ್ವಜ, ಮೇಣದ ಬತ್ತಿ, ಹೂಮಾಲೆ, ಬೌದ್ಧರಾದವರಲ್ಲಿ ತ್ರಿಶರಣ–ಪಂಚಶೀಲ ಪಠಣ, ‘ಜೈ ಭೀಮ್’ ಘೋಷ. ಭಾಷಣ ಕನ್ನಡದಲ್ಲೂ ಮರಾಠಿಯಲ್ಲೂ ನಡೆಯುತ್ತದೆ. ದಲಿತ ಸಂಘರ್ಷ ಸಮಿತಿಯ ಬಣಗಳು ಮತ್ತು ಅಂಬೇಡ್ಕರ್ ಹೆಸರಿನ ಯುವಕ ಮಂಡಳಗಳು ರಾಜ್ಯದ ಬೇರೆ ಜಿಲ್ಲೆಗಳಿಗೂ ಈ ಆಚರಣೆಯನ್ನು ಒಯ್ದಿವೆ. ಭೀಮಾ ನದಿಯೇ ಹರಿಯುವ ವಿಜಯಪುರ, ಕಲಬುರಗಿ ಕಡೆಯೂ ಇದು ನಡೆಯುತ್ತದೆ.

2018ರ ಜನವರಿ 1 ಕಾಳಗದ ಇನ್ನೂರನೆಯ ವರ್ಷ. ಅಂದು ಕೋರೆಗಾಂವ್ ಸುತ್ತ ಕಲ್ಲುತೂರಾಟ, ಬೆಂಕಿ ಹಚ್ಚುವಿಕೆ ನಡೆದು ಒಬ್ಬ ಯುವಕ ಸತ್ತ. ಜನವರಿ 3ರಂದು ಮಹಾರಾಷ್ಟ್ರ ಬಂದ್ ಆಯಿತು. ನ್ಯಾಯಮೂರ್ತಿ ಜೆ.ಎನ್. ಪಟೇಲ್ ನೇತೃತ್ವದ ವಿಚಾರಣಾ ಆಯೋಗ ನೇಮಕವಾಯಿತು. ಅಲ್ಲಿಂದ ಮುಂದೆ ಪ್ರತಿ ಜನವರಿಯೂ ಬಿಗಿ ಪೊಲೀಸ್ ಕಾವಲಿನಲ್ಲೇ ಬಂದಿದೆ. ಇತಿಹಾಸದ ಚರ್ಚೆಯೂ ಅದೇ ವರ್ಷ ಚುರುಕಾಯಿತು. ಕಂಪನಿಯ ಪಡೆಯಲ್ಲಿ ಹಲವು ಜಾತಿಯವರಿದ್ದರು, ಇದನ್ನು ಪೇಶ್ವೆಗಳ ಜಾತಿ ದಬ್ಬಾಳಿಕೆಯ ವಿರುದ್ಧದ ಯುದ್ಧವೆನ್ನುವುದು ಕಟ್ಟುಕಥೆ ಎಂದು ದಲಿತ ಚಿಂತಕ ಆನಂದ ತೇಲ್ತುಂಬ್ಡೆ ಅವರೇ ಬರೆದರು. 1818ರ ಸಿಪಾಯಿಯ ಮನಸ್ಸಿನಲ್ಲಿ ಏನಿತ್ತು ಎಂಬುದು ಒಂದು ಪ್ರಶ್ನೆ, 1927ರ ನಂತರದ ಜನ ಆ ಕಲ್ಲಿನಲ್ಲಿ ಏನನ್ನು ಓದಿಕೊಂಡರು ಎಂಬುದು ಬೇರೆಯೇ ಪ್ರಶ್ನೆ. ಹಬ್ಬದ ಚರಿತ್ರೆ ಎರಡನೆಯದಕ್ಕೆ ಸೇರಿದ್ದು.

ಕೋವಿಡ್ ತಡೆಗಾಗಿ 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಆರಂಭವಾಯಿತು. ಕಾಗವಾಡ ಮತ್ತು ಕೊಗನೊಳ್ಳಿಯ ಗಡಿಗಳಲ್ಲಿ ತಪಾಸಣಾ ಠಾಣೆಗಳು ಎದ್ದವು. ಬೆಳಿಗ್ಗೆ ಮಿರಜದ ಆಸ್ಪತ್ರೆಗೆ ಹೋಗಿ ಸಂಜೆ ಮನೆಗೆ ಮರಳುತ್ತಿದ್ದ ಸೀಮೆಗೆ ಗಡಿ ಎಂಬುದು ಮೊದಲ ಬಾರಿಗೆ ನಿಜವಾದ ಗೋಡೆಯಾಯಿತು. ಮುಂದಿನ ಆಚರಣೆಗಳ ರೂಪ ಮೊದಲು ಕಂಡದ್ದು ಆ ಏಪ್ರಿಲ್ 14ರಂದು. ಅಂಬೇಡ್ಕರ್ ಜಯಂತಿಯ ದಿನವೇ ಲಾಕ್‌ಡೌನ್ ಮೇ 3ರವರೆಗೆ ಮುಂದುವರಿಯುವ ಘೋಷಣೆ ಹೊರಟಿತು. ಮೆರವಣಿಗೆ ಇಲ್ಲದ ಜಯಂತಿಯಲ್ಲಿ ಜನ ಮನೆಯೊಳಗೆ ಭಾವಚಿತ್ರಕ್ಕೆ ಮಾಲೆ ಹಾಕಿ ದೀಪ ಹಚ್ಚಿದರು.

ಹೊರಗಿನ ಲೋಕದಲ್ಲೂ ಅದೇ ಹೊತ್ತಿನಲ್ಲಿ ಯುದ್ಧದ ನೆನಪುಗಳು ಮನೆಯ ಹೊಸ್ತಿಲಿಗೆ ಬಂದಿದ್ದವು. ಯುದ್ಧದಲ್ಲಿ ಮಡಿದವರನ್ನು ನೆನೆಯುವ ಏಪ್ರಿಲ್ 25ರ ಆಂಜಾಕ್ ದಿನ ಆಸ್ಟ್ರೇಲಿಯದವರು ನಸುಕಿನಲ್ಲಿ ತಂತಮ್ಮ ಮನೆಯ ಅಂಗಳದಲ್ಲಿ ದೀಪ ಹಿಡಿದು ನಿಂತರು. ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ 75ನೆಯ ವರ್ಷವಾದ ಮೇ 8ಕ್ಕಾಗಿ ಬ್ರಿಟನ್ ಸೋಮವಾರದ ರಜೆಯನ್ನು ಶುಕ್ರವಾರಕ್ಕೆ ಸರಿಸಿಟ್ಟಿತ್ತು. ಬೀದಿಯ ಔತಣಗಳು ರದ್ದಾಗಿ, ಜನ ಮನೆಯ ಮುಂದಿನ ಕೈತೋಟದಲ್ಲೇ ಮೇಜು ಹಾಕಿಕೊಂಡರು. ರಷ್ಯ ಮೇ 9ರ ವಿಜಯ ದಿನದ ಪಥಸಂಚಲನವನ್ನು ಜೂನ್ 24ಕ್ಕೆ ಮುಂದೂಡಿತು. ಕರ್ನಾಟಕದಲ್ಲಿ ಆ ವರ್ಷದ ಕಾರ್ಗಿಲ್ ವಿಜಯ ದಿವಸ, ಜುಲೈ 26, ಭಾನುವಾರದ ಸಂಪೂರ್ಣ ಲಾಕ್‌ಡೌನ್ ದಿನವೇ ಬಿದ್ದಿತು.

2021ರ ಜನವರಿ 1ಕ್ಕೆ ಮೊದಲು ಮಹಾರಾಷ್ಟ್ರ ಸರಕಾರ ಕೋರೆಗಾಂವ್‌ಗೆ ಬರಬೇಡಿ, ಮನೆಯಿಂದಲೇ ವಂದನೆ ಸಲ್ಲಿಸಿ ಎಂದು ಜನರನ್ನು ಕೇಳಿಕೊಂಡಿತು. ಪುಣೆ ಜಿಲ್ಲಾಡಳಿತ ಪೇರಣೆ ಮತ್ತು ಸುತ್ತಲಿನ ಹಳ್ಳಿಗಳಿಗೆ ಹೊರಗಿನವರ ಪ್ರವೇಶ ತಡೆಯಿತು. ದೂರದರ್ಶನದ ಸಹ್ಯಾದ್ರಿ ವಾಹಿನಿಯಲ್ಲಿ ನೇರ ಪ್ರಸಾರದ ಏರ್ಪಾಡಾಯಿತು. ಆಗಿನ ಉಪಮುಖ್ಯಮಂತ್ರಿ ಅಜಿತ್ ಪವಾರ್ ಬೆಳಿಗ್ಗೆಯೇ ಬಂದು ಸ್ತಂಭಕ್ಕೆ ನಮಿಸಿದರು. ಇತ್ತ ಕರ್ನಾಟಕ ಸರಕಾರ ಡಿಸೆಂಬರ್ 23ರಂದು ರಾತ್ರಿ ಕರ್ಫ್ಯೂ ಘೋಷಿಸಿ ಮರುದಿನವೇ ಹಿಂತೆಗೆದುಕೊಂಡಿತು. ಅದರ ಪರಿಣಾಮವಾಗಿ ಗಡಿಯ ಎರಡು ಮಗ್ಗುಲಲ್ಲಿ ಎರಡು ಸ್ಥಿತಿ: ಆ ಕಡೆ ಸ್ತಂಭವಿದೆ, ದಾರಿಯಿಲ್ಲ, ಈ ಕಡೆ ಸ್ತಂಭವಿಲ್ಲ, ಆದರೆ ಅಂತರ ಕಾಯ್ದುಕೊಂಡು ಕೇರಿಯಲ್ಲಿ ಸೇರಲು ಅವಕಾಶವಿದೆ. ಸಾಮಾನ್ಯ ಪ್ಯಾಸೆಂಜರ್ ರೈಲುಗಳೂ ಇನ್ನೂ ಮೊದಲಿನಂತೆ ಓಡುತ್ತಿರಲಿಲ್ಲ. ಹೀಗೆ ಪ್ರತಿಕೃತಿಗೆ ಹೊಸ ತೂಕ ಬಂದಿತು. ಹಿಂದೆ ಅದು ಹೋಗಲಾಗದ ಮುದುಕರಿಗೂ ಮಕ್ಕಳಿಗೂ ತೋರಿಸುವ ಮಾದರಿ. ಆ ವರ್ಷ ಎಲ್ಲರಿಗೂ ಅದೇ ಸ್ತಂಭ. ಟಿವಿ, ಮೊಬೈಲಿನ ಪರದೆಯಲ್ಲಿ ಪೇರಣೆಯ ದೃಶ್ಯ, ಕಣ್ಣೆದುರು ಮಂಡಳದ ಹುಡುಗರು ಕಟ್ಟಿದ ಸ್ತಂಭ. ಯಾತ್ರೆಗೆ ಸಾಮಾನ್ಯವಾಗಿ ಗಂಡಸರು, ಹರೆಯದವರು ಹೋಗುವುದು ಹೆಚ್ಚು. ಹೊಸ್ತಿಲ ಹಬ್ಬದಲ್ಲಿ ಅಡುಗೆ, ದೀಪ, ರಂಗೋಲಿಗಳ ಮೂಲಕ ಹೆಂಗಸರು ಮುಂದೆ ಬರುತ್ತಾರೆ. ಕೇರಿಯ ಆಚರಣೆಯ ಈ ಗುಣವನ್ನು ದೊಡ್ಡ ಸಭೆಗಳ ವರದಿಗಳು ಕಾಣುವುದೇ ಇಲ್ಲ.

ಮುಂದಿನ ವರ್ಷದ ಕಟ್ಟುಪಾಡು ಬೇರೆ ಬಗೆಯದು. 2021ರ ಫೆಬ್ರುವರಿಯಿಂದ ಮಹಾರಾಷ್ಟ್ರದಿಂದ ಬರುವವರು ಆರ್‌ಟಿಪಿಸಿಆರ್ ನೆಗೆಟಿವ್ ವರದಿ ತೋರಿಸಬೇಕಿತ್ತು. ಒಮಿಕ್ರಾನ್ ಭೀತಿಯಿಂದ ನವೆಂಬರ್ ಕೊನೆಯಲ್ಲಿ ಗಡಿಯ ತಪಾಸಣೆ ಮತ್ತೆ ಬಿಗಿಯಾಯಿತು. ಸ್ತಂಭಕ್ಕೆ ಹೋಗುವುದು ಕಷ್ಟವಲ್ಲದಿದ್ದರೂ ಮರಳಿ ಬರುವುದು ತೊಡಕು. ಡಿಸೆಂಬರ್ 28ರಿಂದ ಜನವರಿ 7ರವರೆಗೆ ಕರ್ನಾಟಕದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ ಜಾರಿಯಾಯಿತು. ಹೊಸ ವರ್ಷದ ಮೋಜಿನ ಕೂಟಗಳನ್ನು ತಡೆಯುವುದು ಅದರ ಉದ್ದೇಶ. ಆದರೆ 1817ರ ರಾತ್ರಿ ನಡಿಗೆಯನ್ನು ನೆನೆದು ನಡುರಾತ್ರಿ ದೀಪ ಹಚ್ಚುವವರಿಗೂ ಅದೇ ಆಜ್ಞೆ ಅನ್ವಯಿಸಿತು. ಕ್ಯಾಲೆಂಡರಿನ ಹೊಸ ವರ್ಷಕ್ಕೂ ಈ ದಿನಕ್ಕೂ ಇರುವ ಅಂತರ ಆಡಳಿತದ ಆದೇಶಗಳಿಗೆ ಕಾಣಲಿಲ್ಲ. ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪುತ್ಥಳಿಗೆ ಅವಮಾನವಾದ ಪ್ರಕರಣದಿಂದ ಜಿಲ್ಲೆ ಆ ಡಿಸೆಂಬರಿನಲ್ಲಿ ಮೊದಲೇ ಕುದಿಯುತ್ತಿತ್ತು. ಇದೇ ಹಿನ್ನೆಲೆಯಲ್ಲಿ 31ಕ್ಕೆ ಕರೆದಿದ್ದ ಕರ್ನಾಟಕ ಬಂದ್ ಅನ್ನು ಹಿಂದಿನ ದಿನ ಕೈಬಿಡಲಾಯಿತು. ನಡುರಾತ್ರಿ ಕೂಡಲು ದಾರಿಯಿಲ್ಲದೆ, ಆಚರಣೆಗೆ ಉಳಿದದ್ದು ಜನವರಿ 1ರ ಶನಿವಾರದ ಹಗಲು. ಕೋರೆಗಾಂವ್‌ನಲ್ಲಿ ಮಾತ್ರ ಆ ವರ್ಷವೇ ಜನ ಮತ್ತೆ ದೊಡ್ಡ ಸಂಖ್ಯೆಯಲ್ಲಿ ಸೇರಿದರು.

2022ರಲ್ಲಿ ಕೋವಿಡ್ ನಿರ್ಬಂಧಗಳು ಒಂದೊಂದಾಗಿ ತೆರವಾದವು. ಅದೇ ಡಿಸೆಂಬರಿನಲ್ಲಿ ಗಡಿ ವಿವಾದ ಕೆರಳಿ, ವಾಹನಗಳ ಮೇಲೆ ಕಲ್ಲು, ಬಸ್‌ಗಳಿಗೆ ಮಸಿ ಬಿದ್ದು, ಎರಡು ರಾಜ್ಯಗಳ ನಡುವಿನ ಬಸ್ ಸಂಚಾರಕ್ಕೆ ಮತ್ತೆ ಅಡ್ಡಿಯಾಯಿತು. 2023ರ ಜನವರಿ 1ರಂದು, ಕಾಳಗದ 205ನೆಯ ವರ್ಷಕ್ಕೆ, ಸ್ತಂಭದ ಸುತ್ತ ಲಕ್ಷಗಟ್ಟಲೆ ಜನ ನೆರೆದರು.