ವ್ಯಸನಿಗೆ ವ್ಯಸನಿಯೇ ಆಸರೆ

ಮದ್ಯವ್ಯಸನಿಯೊಬ್ಬನ ಬಿಡುಗಡೆಗೆ ಇನ್ನೊಬ್ಬ ವ್ಯಸನಿಯ ಸಂಗವೇ ನೆರವಾಗಬಲ್ಲುದೆಂಬ ಸತ್ಯವನ್ನು ಜಗತ್ತಿಗೆ ತೋರಿದ ಘಟನೆಯೊಂದು 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ನಡೆಯಿತು.

ನ್ಯೂಯಾರ್ಕಿನ ಷೇರು ವ್ಯವಹಾರಸ್ಥರಾದ ಬಿಲ್ ವಿಲ್ಸನ್ನರು ಕುಡಿತ ತೊರೆದು ಕೆಲವೇ ತಿಂಗಳಾಗಿದ್ದವು. ಕೈಗೊಂಡ ವ್ಯವಹಾರವು ಕೆಟ್ಟು, ಪರಸ್ಥಳದ ಹೋಟೆಲಿನಲ್ಲಿ ಏಕಾಕಿಯಾಗಿದ್ದಾಗ ಪಾನಗೃಹದ ಸೆಳೆತವು ಬಲವಾಯಿತು. ಅವರು ಅಲ್ಲಿದ್ದ ಚರ್ಚುಗಳ ಪಟ್ಟಿಯನ್ನು ನೋಡಿ ದೂರವಾಣಿ ಮಾಡುತ್ತ, ತಮ್ಮಂತಹ ಇನ್ನೊಬ್ಬರನ್ನು ಹುಡುಕತೊಡಗಿದರು. ಹಾಗೆ ದೊರೆತವರು ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್. ಮೇ 12ರಂದು ಕಾಲು ಗಂಟೆ ಮಾತ್ರ ಕೂರುವೆನೆಂದು ಬಂದ ವೈದ್ಯರು ಹಲವು ಗಂಟೆ ಕುಳಿತರು. ಏಕೆಂದರೆ ಬಿಲ್ಲರು ಉಪದೇಶಿಸದೆ ಸ್ವಂತ ಅನುಭವವನ್ನೇ ಹೇಳಿದರು. ವೈದ್ಯರು ಕೊನೆಯ ಬಾರಿ ಕುಡಿದ ಜೂನ್ 10ನೆಯ ದಿನವೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘದ ಸ್ಥಾಪನಾದಿನವೆನಿಸಿದೆ.

1957ರಲ್ಲಿ ಈ ಸಂಘವು ಭಾರತಕ್ಕೂ ಬಂದಿತು. ಇಂದು ಬೆಂಗಳೂರಿನಲ್ಲಿಯೂ ಇದರ ಕೂಟಗಳಿವೆ. ಇಲ್ಲಿ ಶುಲ್ಕವಿಲ್ಲ, ಜಾತಿಮತಗಳ ಭೇದವಿಲ್ಲ, ಪೂರ್ಣ ಹೆಸರನ್ನು ಹೇಳಬೇಕಾದ ನಿರ್ಬಂಧವಿಲ್ಲ. ಕುಡಿತವನ್ನು ಬಿಡಬೇಕೆಂಬ ಹಂಬಲವೊಂದೇ ಅರ್ಹತೆ. ಬಹುಕಾಲ ಅತಿಯಾಗಿ ಕುಡಿದವರು ಮಾತ್ರ ಒಮ್ಮೆಲೇ ನಿಲ್ಲಿಸುವ ಮುನ್ನ ವೈದ್ಯರನ್ನು ಕಾಣುವುದು ಅವಶ್ಯ.

ಮನೆಯವರ ವ್ಯಸನವನ್ನು ನಾಚಿಕೆಯಿಂದ ಮುಚ್ಚಿಡುವ ಬಂಧುಗಳು ಈ ಇತಿಹಾಸವನ್ನು ನೆನೆಯಬೇಕು. ಸಮೀಪದ ಕೂಟವನ್ನು ವಿಚಾರಿಸಿ, ಅಲ್ಲಿಯ ಬಾಗಿಲಿನವರೆಗೆ ಜೊತೆಗೆ ನಡೆಯುವುದೂ ಒಂದು ದಾಸೋಹವೇ.