ಗಣಿಯೊಳಗೆ ಬೆಳೆದ ಮಹಾಪ್ರಬಂಧ

ಕಾಮಸಮುದ್ರ, ಬಂಗಾರಪೇಟೆ ಕಡೆಯವರಿಗೆ ಕೋಲಾರದ ಗಣಿಯೆಂದರೆ ಚಿನ್ನ. ಆದರೆ ಚಿನ್ನದ ಗೊಡವೆಯಿಲ್ಲದೆ ಗಣಿಗೆ ಇಳಿದವರೂ ಉಂಟು. 1951ರಲ್ಲಿ ಗೈಗರ್ ಕೌಂಟರುಗಳನ್ನು ಹೊತ್ತು ತಂದ ಸಂಶೋಧನ ವಿದ್ಯಾರ್ಥಿ ಬಿ.ವಿ. ಶ್ರೀಕಂಠನ್ ಅಂಥವರಲ್ಲಿ ಒಬ್ಬರು. 1925ರಲ್ಲಿ ನಂಜನಗೂಡಿನ ಬಳಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದವರು ಅವರು. ಅವರ ಪಿಎಚ್.ಡಿ. ಮಾರ್ಗದರ್ಶಕರು ಹೋಮಿ ಭಾಭಾ.

ಮಾರ್ಗದರ್ಶಕರಿಗೆ ಬಿಡುವಿಲ್ಲ ಎಂಬುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸದಾ ಕೇಳಿಬರುವ ದೂರು. ಅಧ್ಯಾಯ ಬರೆದು ಕೊಟ್ಟು ತಿಂಗಳುಗಟ್ಟಲೆ ಬಾಗಿಲು ಕಾಯುವವರಿದ್ದಾರೆ. ಕಾದು ಸಾಕಾಗಿ ಸಂಶೋಧನೆಯನ್ನೇ ಬಿಟ್ಟವರೂ ಇದ್ದಾರೆ. ಭಾಭಾ ಅವರಿಗಾದರೂ ಬಿಡುವೆಲ್ಲಿತ್ತು? 1948ರಲ್ಲಿ ಅವರು ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು; 1954ರಲ್ಲಿ ಪರಮಾಣು ಶಕ್ತಿ ಇಲಾಖೆಯ ಹೊಣೆಯೂ ಹೆಗಲೇರಿತು. ಶಿಷ್ಯನ ಸಂಶೋಧನೆ ನಡೆದದ್ದು ಇದೇ ಅವಧಿಯಲ್ಲಿ, ಅದೂ ಮುಂಬಯಿಯಿಂದ ದೂರದ ಗಣಿಯೊಳಗೆ. ಆದರೂ 1954ರಲ್ಲಿ ಶ್ರೀಕಂಠನ್ ಮುಂಬಯಿ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು.

ಇದು ಹೇಗೆ ಸಾಧ್ಯವಾಯಿತು? ಮೊದಲನೆಯದಾಗಿ, ಕೈಗೆತ್ತಿಕೊಂಡ ಪ್ರಶ್ನೆ ಸ್ಪಷ್ಟವಾಗಿತ್ತು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವು ಬಂಡೆಯನ್ನೂ ತೂರಿ ಸಾಗುತ್ತವೆ. ಆಳ ಹೆಚ್ಚಿದಂತೆ ಅವುಗಳ ಸಂಖ್ಯೆ ಎಷ್ಟು ಕಡಿಮೆಯಾಗುತ್ತದೆ? ಎಣಿಸಿ ಉತ್ತರ ಹೇಳಬಹುದಾದ ಪ್ರಶ್ನೆಯಿದು. ಇಂಥ ಕೆಲಸಕ್ಕೆ ಪ್ರತಿದಿನವೂ ಗುರುವಿನ ಅಪ್ಪಣೆ ಬೇಕಿಲ್ಲ.

ಎರಡನೆಯದಾಗಿ, ಶಿಷ್ಯ ಗುರುವಿನ ಪಡಿಯಚ್ಚಾಗಿರಲಿಲ್ಲ. ಭಾಭಾ ಅವರ ಹೆಸರು ನಿಂತದ್ದು ಸಿದ್ಧಾಂತದ ಮೇಲೆ. ಶ್ರೀಕಂಠನ್ ಅವರದು ವೈರ್‌ಲೆಸ್ ವಿದ್ಯೆಯಲ್ಲಿ ಪಳಗಿದ ಕೈ. ಸಾಲಾಗಿ ಜೋಡಿಸಿದ ಕೌಂಟರುಗಳು ಒಮ್ಮೆಲೇ ಮಿಡಿದರೆ ಮಾತ್ರ ಒಂದು ಕಣ ಹಾದುಹೋಯಿತೆಂದು ಲೆಕ್ಕ. ಇಂಥ ಸಲಕರಣೆಯನ್ನು ಅವರು ಸುಮಾರು 300 ಮೀಟರ್ ಆಳದವರೆಗೆ ಇಳಿಸಿ ಅಳೆದರು. ಒಬ್ಬರಲ್ಲಿಲ್ಲದ್ದು ಇನ್ನೊಬ್ಬರಲ್ಲಿತ್ತು.

ಮೂರನೆಯ ಪಾಠ ಕಲಿಸಿದ್ದು ಅದೇ ಗಣಿಯಲ್ಲಿ ಮುಂದುವರಿದ ಕೆಲಸ. 1960ರ ದಶಕದ ಆರಂಭದಲ್ಲಿ ಸಂಸ್ಥೆಯ ವಿಜ್ಞಾನಿಗಳು ಸುಮಾರು 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಆನೂ ಸಿಗಲಿಲ್ಲ. ಅಂಜುವ ವಿದ್ಯಾರ್ಥಿಯಾದರೆ ಇಂಥ ಸೊನ್ನೆಯನ್ನು ಮಾರ್ಗದರ್ಶಕರಿಂದ ಮುಚ್ಚಿಟ್ಟಾನು. ಇಲ್ಲಿ ಸೊನ್ನೆಯೇ ದಾರಿ ತೋರಿತು. ಬೇರೆ ಕಣಗಳ ಗದ್ದಲವಿಲ್ಲದ ಆ ಆಳ, ಬಂಡೆಯನ್ನು ಲೆಕ್ಕಿಸದೆ ಹಾಯುವ ನ್ಯೂಟ್ರಿನೊಗಳ ಸುಳಿವು ಹಿಡಿಯಲು ತಕ್ಕ ಜಾಗವೆಂದು ಖಚಿತವಾಯಿತು. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತ್ತು. ಕೋಲಾರದ ಪ್ರಯೋಗದಲ್ಲಿ ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೂ ಪಾಲ್ಗೊಂಡಿದ್ದರು. ಫಲಿತಾಂಶ ಪ್ರಕಟಿಸಿದವರಲ್ಲಿ ಶ್ರೀಕಂಠನ್ ಕೂಡ ಒಬ್ಬರು.

1975ರಿಂದ 1987ರವರೆಗೆ ಅವರು ತಾವು ಶಿಷ್ಯರಾಗಿದ್ದ ಸಂಸ್ಥೆಯನ್ನೇ ನಡೆಸಿದರು. ಗಣಿ 2001ರಲ್ಲಿ ಮುಚ್ಚಿತು. ಅವರು 2019ರಲ್ಲಿ ತೀರಿಕೊಂಡರು. ಸಂಶೋಧನೆಗೆ ಹೊರಡುವವರು ಈ ಕಥೆಯಿಂದ ಕಲಿಯಬೇಕಾದದ್ದು ಇಷ್ಟು: ಮಾರ್ಗದರ್ಶಕರಿಂದ ಮೊದಲು ಪಡೆಯಬೇಕಾದದ್ದು ಒಂದು ಒಳ್ಳೆಯ ಪ್ರಶ್ನೆ, ಅವರಿಗೆ ಮರಳಿ ಒಪ್ಪಿಸಬೇಕಾದದ್ದು ಪ್ರಾಮಾಣಿಕ ಲೆಕ್ಕ, ಅದು ಸೊನ್ನೆಯಾಗಿದ್ದರೂ.