ಕೋಣೆಯೊಳಗಿನ ನೆರಳು ಮತ್ತು ಒಂದು ಖಾಲಿ ಪೆಟ್ಟಿಗೆ

ಈ ವಾರ ಒಂದು ಪೆಟ್ಟಿಗೆಯ ಕಥೆ. ಮುಂದಿನ ಬದಿ ತೆರೆದ, ಒಳಗೆ ಏನೂ ಇಲ್ಲದ ಪೆಟ್ಟಿಗೆ. ಕಂಪ್ಯೂಟರ್ ಬಿಡಿಸಿದ ಕೋಣೆಗಳು ಇವತ್ತು ಫೋಟೋ ಥರ ಕಾಣುತ್ತವೆ ಅಂದ್ರೆ ಅದರಲ್ಲಿ ಈ ಪೆಟ್ಟಿಗೆಯ ಪಾಲು ದೊಡ್ಡದು.

ಮೊದಲು ತೊಂದರೆ ಏನಿತ್ತು ನೋಡೋಣ. ಹಗಲು ಹೊತ್ತು ನಿಮ್ಮ ಮಂಚದ ಕೆಳಗೆ ಬಗ್ಗಿ ನೋಡಿ. ಕಿಟಕಿಯ ಬಿಸಿಲು ಅಲ್ಲಿಗೆ ನೇರವಾಗಿ ಬೀಳಲ್ಲ, ಆದ್ರೂ ಅಲ್ಲಿರೋ ಚಪ್ಪಲಿ ಕಾಣುತ್ತೆ. ಬಿಸಿಲು ನೆಲಕ್ಕೆ ಬಿದ್ದು, ನೆಲದಿಂದ ಗೋಡೆಗೆ, ಗೋಡೆಯಿಂದ ಚಾವಣಿಗೆ ಹಾರಿ, ಮೂಲೆ ಮೂಲೆಗೂ ಹೋಗುತ್ತೆ. ಹಳೆಯ ಕಂಪ್ಯೂಟರ್ ಚಿತ್ರಗಳಲ್ಲಿ ಈ ಲೆಕ್ಕ ಇರಲಿಲ್ಲ. ದೀಪದ ಬೆಳಕು ನೇರವಾಗಿ ತಾಗದ ಜಾಗ ಕಪ್ಪಾಗಬಾರದು ಅಂತ ಇಡೀ ಚಿತ್ರಕ್ಕೆ ಒಂದೇ ಸಮನಾದ ಮಂದ ಬೆಳಕನ್ನು ಸುಣ್ಣದ ಹಾಗೆ ಬಳಿದುಬಿಡುತ್ತಿದ್ದರು.

1980ರಲ್ಲಿ ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟೆಡ್ ಬೆಳಕಿನ ಕಿರಣದ ಜಾಡು ಹಿಡಿದು ಹೋಗುವ ವಿಧಾನವನ್ನು ತೋರಿಸಿದರು. ಒಂದು ಚಿತ್ರಕ್ಕೆ 74 ನಿಮಿಷ ಹಿಡಿಯಿತು. ಗಾಜಿನ ಗೋಲ, ಪ್ರತಿಬಿಂಬ ಎಲ್ಲ ಸೊಗಸಾಗಿ ಬಂತು, ಆದರೆ ನೆರಳಿನ ಅಂಚು ಮಾತ್ರ ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಮನೆಯೊಳಗೆ ಗಾಜಿಗಿಂತ ಬಣ್ಣ ಬಳಿದ ಗೋಡೆಯೇ ಜಾಸ್ತಿ ಅಲ್ವಾ? ಆ ಗೋಡೆಗಳು ಒಂದಕ್ಕೊಂದು ಕೊಡುವ ಬೆಳಕು ಇನ್ನೂ ಹೊರಗೇ ಉಳಿಯಿತು.

ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ, ಅಂದರೆ ಶಾಖದ ಎಂಜಿನಿಯರಿಂಗ್‌ನಿಂದ. ಕುಲುಮೆಯೊಳಗೆ ಬಿಸಿ ಗೋಡೆಗಳು ಒಂದಕ್ಕೊಂದು ಎಷ್ಟು ಶಾಖ ದಾಟಿಸುತ್ತವೆ ಅನ್ನುವ ಲೆಕ್ಕ ಅವರಲ್ಲಿ ಮೊದಲೇ ಇತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಿಂಡಿ ಗೋರಲ್, ಕೆನೆತ್ ಟಾರನ್ಸ್, ಡೊನಾಲ್ಡ್ ಗ್ರೀನ್‌ಬರ್ಗ್, ಬೆನೆಟ್ ಬಟೈಲ್ 1984ರಲ್ಲಿ ಅದೇ ಲೆಕ್ಕವನ್ನು ಬೆಳಕಿಗೆ ಹಚ್ಚಿದರು. ಟಾರನ್ಸ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದರು. ವಿಧಾನದ ಹೆಸರು ರೇಡಿಯಾಸಿಟಿ. ಗೋಡೆಯನ್ನು ಸಣ್ಣ ತುಂಡುಗಳಾಗಿ ಮಾಡಿ, ಪ್ರತಿ ತುಂಡೂ ಉಳಿದೆಲ್ಲ ತುಂಡಿಗೆ ಎಷ್ಟು ಬೆಳಕು ಕೊಡುತ್ತೆ ಅಂತ ಬರೆಯೋದು. ಮದುವೆ ಮನೆಯ ಮುಯ್ಯಿ ಪುಸ್ತಕ ಇದ್ದ ಹಾಗೆ: ಎಲ್ಲರೂ ಎಲ್ಲರಿಗೂ ಕೊಟ್ಟಿರುತ್ತಾರೆ, ಲೆಕ್ಕ ಒಟ್ಟಿಗೇ ಹೊಂದಬೇಕು.

ಅದನ್ನು ತೋರಿಸಲು ಆರಿಸಿಕೊಂಡದ್ದೇ ಆ ಪೆಟ್ಟಿಗೆ, ಕಾರ್ನೆಲ್ ಬಾಕ್ಸ್. ಒಂದು ಪಕ್ಕ ಕೆಂಪು ಗೋಡೆ, ಇನ್ನೊಂದು ಪಕ್ಕ ನೀಲಿ, ಹಿಂದೆ ಬಿಳಿ. ಬಿಳಿ ಗೋಡೆಯ ಅಂಚಿಗೆ ಪಕ್ಕದ ಕೆಂಪು ಹರಡಿತು. ಅಂಗಳದಲ್ಲಿ ಕೆಂಪು ಸೀರೆ ಒಣಹಾಕಿದಾಗ ಸುಣ್ಣದ ಗೋಡೆ ಕೆಂಪೇರೋದನ್ನ ನೋಡಿದ್ದೀರಲ್ಲ, ಅದೇ. ಆದರೆ ಪೆಟ್ಟಿಗೆ ಖಾಲಿ! ಬೆಳಕಿಗೆ ಅಡ್ಡ ಬರುವ ವಸ್ತುವನ್ನು ಆ ಮೊದಲ ಲೆಕ್ಕ ನಿಭಾಯಿಸುತ್ತಿರಲಿಲ್ಲ. 1985ರಲ್ಲಿ ಮೈಕಲ್ ಕೋಹೆನ್ ಮತ್ತು ಗ್ರೀನ್‌ಬರ್ಗ್ ಅದನ್ನೂ ಸರಿಮಾಡಿದರು. ಪೆಟ್ಟಿಗೆಯೊಳಗೆ ವಸ್ತುಗಳು ಬಂದವು, ಜೊತೆಗೆ ಅಂಚು ಮೆತ್ತಗಿರುವ ನೆರಳೂ ಬಂತು.

ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ಘಟನೆ 1986ರದ್ದು. ಕಾರ್ನೆಲ್‌ನವರು ನಿಜವಾದ ಪೆಟ್ಟಿಗೆಯನ್ನು ಇಟ್ಟು ಅದರೊಳಗಿನ ಬೆಳಕನ್ನು ಅಳೆದರು. ಆಮೇಲೆ ಪೆಟ್ಟಿಗೆಯನ್ನೂ ಕಂಪ್ಯೂಟರ್ ಚಿತ್ರವನ್ನೂ ಒಂದೇ ಬಗೆಯ ಕ್ಯಾಮೆರಾಗಳ ಮೂಲಕ ಜನರಿಗೆ ತೋರಿಸಿ, ಅಸಲಿ ಯಾವುದು ಅಂತ ಕೇಳಿದರು. ಕಣ್ಣು ಮುಚ್ಚಿ ಊಹಿಸಿದ್ದರೆ ಎಷ್ಟು ಸರಿಯಾಗುತ್ತಿತ್ತೋ, ಹೆಚ್ಚುಕಡಿಮೆ ಅಷ್ಟೇ ಸರಿ ಉತ್ತರ ಬಂತು. ಚಿತ್ರ ಚೆನ್ನಾಗಿದೆಯೇ ಅಂತಲ್ಲ, ನಿಜಕ್ಕೆ ತಾಳೆಯಾಗುತ್ತಾ ಅಂತ ಅವರು ಕೇಳಿದ್ದು.

ಅದೇ ವರ್ಷ ಜೇಮ್ಸ್ ಕಾಜಿಯಾ ಬೆಳಕಿನ ಎಲ್ಲ ಓಡಾಟವನ್ನೂ ಒಂದೇ ಸಮೀಕರಣದಲ್ಲಿ ಹಿಡಿದರು. ಸಿನಿಮಾದವರು ಮಾತ್ರ ಬಹಳ ಕಾಲ ಕೈಚಳಕವನ್ನೇ ನಂಬಿದರು. 1995ರ 'ಟಾಯ್ ಸ್ಟೋರಿ'ಯಲ್ಲಿ ಗೋಡೆಯಿಂದ ಮರಳುವ ಬೆಳಕು ಬೇಕಾದರೆ ಕಲಾವಿದರೇ ಹೆಚ್ಚುವರಿ ದೀಪ ಇಡಬೇಕಿತ್ತು. ಪಿಕ್ಸಾರ್ ಪೂರ್ತಿಯಾಗಿ ಈ ಲೆಕ್ಕಕ್ಕೆ ಬಂದದ್ದು 2013ರ 'ಮಾನ್ಸ್ಟರ್ಸ್ ಯೂನಿವರ್ಸಿಟಿ'ಯಲ್ಲಿ.

ಈಗ ಬೆಂಗಳೂರಿನಲ್ಲಿ ಪಾಯ ತೋಡುವ ಮೊದಲೇ ಫ್ಲ್ಯಾಟಿನ ಹಾಲ್ ನಮ್ಮ ಮೊಬೈಲಿಗೆ ಬರುತ್ತೆ. ಸೋಫಾ ಕೆಳಗಿನ ನೆರಳು, ನೆಲದ ಮೇಲಿನ ಬಿಸಿಲು ಎಲ್ಲ ಪಕ್ಕಾ. ಬೆಳಕಿನ ಲೆಕ್ಕ ಸರಿಯಾಗೇ ಇರಬಹುದು, ಆದರೆ ಪಕ್ಕದ ಸೈಟಿನಲ್ಲಿ ಏಳುವ ಕಟ್ಟಡವನ್ನು ಆ ಲೆಕ್ಕಕ್ಕೆ ಸೇರಿಸಿದ್ದಾರೋ ಇಲ್ಲವೋ ಚಿತ್ರ ಹೇಳಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಕೇಳಿ: ಈ ಕಿಟಕಿ ಯಾವ ದಿಕ್ಕಿಗಿದೆ? ಇದು ಯಾವ ತಿಂಗಳ, ಎಷ್ಟು ಗಂಟೆಯ ಬಿಸಿಲು?